ಎಲ್ಲಿ ಕೂರಬಹುದು ಅನ್ನುವ ಲೆಕ್ಕ

ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಗೆ ಹೋಗುವುದು ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದೇನಲ್ಲ. ಸೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗಡಿಗೆ ಮೊಸರು. ಭೂತಾಯಿಗೆ ಎಡೆ ಅಂತ ಹೊಲದಲ್ಲಿ ಚರಗ ಚೆಲ್ಲಿ, ಮರದ ನೆರಳಲ್ಲಿ ಸಾಲಾಗಿ ಕೂತು ಉಣ್ಣುತ್ತೇವೆ. ಅದಕ್ಕೆ ಯಾರೂ ಪ್ಲ್ಯಾನ್ ಅನ್ನುವುದಿಲ್ಲ. ಎಲ್ಲಿಗೆ ಹೋಗಬೇಕು, ಯಾರು ಯಾವ ಗಂಟು ಹೊರಬೇಕು, ಎಷ್ಟೊತ್ತಿಗೆ ತಿರುಗಬೇಕು ಎಲ್ಲ ಗೊತ್ತಿರುತ್ತದೆ. ಹೊಲ ಇದ್ದಲ್ಲೇ ಇರುತ್ತದೆ, ದಾರಿಯೂ ಅದೇ.

ಕಾಡಿನ ವಿಷಯ ಬೇರೆ. ನಾನು ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಕೊಟ್ಟಿದ್ದು ಶಿರಸಿ ಕಡೆಯ ಅಡಿಕೆ ತೋಟದ ಮನೆಗೆ. ಗಂಡನ ನೌಕರಿ ಹುಬ್ಬಳ್ಳಿಯಲ್ಲೇ ಇರುವುದರಿಂದ ಹಬ್ಬಕ್ಕೆ, ರಜೆಗೆ ನೂರು ಕಿಲೋಮೀಟರ್ ಹೋಗಿ ಬರುತ್ತೇವೆ. ನನಗೆ ಕಾಡು ಅಂದರೆ ನೋಡಲು ಹೋಗುವ ಜಾಗ. ಮುಂಡಗೋಡ ದಾಟಿ ಮರಗಳು ಒತ್ತಾಗುತ್ತಿದ್ದ ಹಾಗೆ ಎಸಿ ಆರಿಸಿ ಕಾರಿನ ಗಾಜು ಇಳಿಸುವವಳು ನಾನು. ಅತ್ತೆಗೆ ಕಾಡು ಅಂದರೆ ಕೆಲಸ. ಉತ್ತರ ಕನ್ನಡದಲ್ಲಿ ಅಡಿಕೆ ತೋಟದ ಜತೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಇರುತ್ತದೆ, ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ. ಬ್ರಿಟಿಷರ ಕಾಲದಿಂದ ನಡೆದುಬಂದ ಹಕ್ಕು ಅದು. ಅಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸಬೇಕು, ಸೊಪ್ಪು ಕಡಿದು ಹೊರಬೇಕು, ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಹೆಕ್ಕಬೇಕು, ಸಂಜೆ ಮನೆಗೆ ಬಾರದ ಆಕಳನ್ನು ಹುಡುಕಬೇಕು. ಅರವತ್ತು ದಾಟಿದ ಮೇಲೆ, ಮಂಡಿ ಹಿಡಿದ ಮೇಲೆ ಇದೆಲ್ಲ ನಿಂತಿದೆ. ಎಲ್ಲರೂ ಸೇರಿ ಒಂದು ದಿನ ಕಾಡು ಸುತ್ತೋಣ ಅಂತ ನಾನು ಫೋನಿನಲ್ಲಿ ಹೇಳಿದಾಗ ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಕಾಡು ನೋಡಲೆ ಅಷ್ಟು ದೂರ ಎಂತಕ್ಕೆ ಹೋಗವು? ಹಿತ್ಲ ಹಿಂದೇ ಇದ್ದಲ" ಅಂದರು.

ಬೆಂಗಳೂರಿನಲ್ಲಿರುವ ಮೈದುನನ ತಲೆಯಲ್ಲಿ ಇನ್ನೊಂದು ಕಾಡು. ಅವನು ವಾಟ್ಸ್ಆ್ಯಪ್ ಗ್ರೂಪಿಗೆ ಪಟ್ಟಿ ಹಾಕಿದ: ಬೆಳಿಗ್ಗೆ ಸಹಸ್ರಲಿಂಗ, ಆಮೇಲೆ ಉಂಚಳ್ಳಿ ಜಲಪಾತ, ಮಧ್ಯಾಹ್ನ ಯಾಣ, ಅಲ್ಲಿಂದ ವಿಭೂತಿ ಜಲಪಾತ, ಸೂರ್ಯಾಸ್ತಕ್ಕೆ ಗೋಕರ್ಣ. ಶಾಲ್ಮಲೆಯ ದಂಡೆಯ ಸಹಸ್ರಲಿಂಗ ಇರುವುದು ಯಲ್ಲಾಪುರದ ರಸ್ತೆಯಲ್ಲಿ. ಉಂಚಳ್ಳಿ ಸಿದ್ದಾಪುರದ ಕಡೆ. ಗೋಕರ್ಣ ಘಟ್ಟದ ಕೆಳಗೆ, ಸಮುದ್ರಕ್ಕೆ. ಇದನ್ನು ಒಂದೇ ದಿನ ಮಾಡಬಹುದು, ಕಾರಿನಿಂದ ಇಳಿಯದಿದ್ದರೆ. ಒಂಬತ್ತನೇ ಕ್ಲಾಸಿನಲ್ಲಿರುವ ಅವನ ಮಗನಿಗೆ ಬೇಕಾಗಿದ್ದದ್ದು ಕುದುರೆಮುಖ. ಎರಡನೇ ಕ್ಲಾಸಿನ ನನ್ನ ಮಗಳಿಗೆ ಹುಲಿ. ವಾರಗಿತ್ತಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಅಕ್ಕ, ಅಲ್ಲಿ ಟಾಯ್ಲೆಟ್ ಇದೆಯಾ?" ಆ ಗ್ರೂಪಿನಲ್ಲಿ ಪ್ಲ್ಯಾನಿಂಗ್ ಅನ್ನಬಹುದಾದ ಮೊದಲ ಮಾತು ಅದು.

ಒಂದೊಂದನ್ನೇ ಅಳಿಸುತ್ತಾ ಬಂದೆವು. ಹುಲಿ ಬೇಕು ಅಂದರೆ ದಾಂಡೇಲಿ ಕಡೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೋಗಬೇಕು. ಅಲ್ಲಿ ಜೀಪಿನಲ್ಲಿ ಸಫಾರಿ. ನಮ್ಮ ಪಾಡಿಗೆ ನಾವು ಕಾಡಿನೊಳಗೆ ನಡೆಯುವ ಹಾಗಿಲ್ಲ, ಅದು ಸರಿಯೂ ಹೌದು. ಕುದುರೆಮುಖ ಹತ್ತಿ ಇಳಿಯಲು ಸುಮಾರು 20 ಕಿ.ಮೀ. ನಡಿಗೆ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜನ ಇರುವೆಸಾಲು ಹಿಡಿದ ವಿಡಿಯೊ ನೀವೂ ನೋಡಿರಬಹುದು. ಅದಾದ ಮೇಲೆ ಚಾರಣಕ್ಕೆ ಸ್ವಲ್ಪ ಕಾಲ ತಡೆ ಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಅನ್ನುವ ವೆಬ್‌ಸೈಟ್ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿಯೂ ಬಂತು. ಹಾಗಾಗಿ ಇಲಾಖೆಯ ಚಾರಣದ ದಾರಿಗಳಿಗೆ ಹೋಗುವವರು ಮೊದಲು ಬುಕಿಂಗ್ ನೋಡಿ, ಆಮೇಲೆ ರಜೆ ಹಾಕಿ. ಎಷ್ಟೋ ಜನ ಉಲ್ಟಾ ಮಾಡುತ್ತಾರೆ.

ಕೊನೆಗೆ ಉಳಿದದ್ದು ಕಾಡಿನ ನಡುವಿನ ಕಪ್ಪು ಬಂಡೆಗಳ ಯಾಣ. ಉಳಿಯಲು ಕಾರಣ ಅತ್ತೆಯ ಮಂಡಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುಟುಂಬದ ಜತೆ ಕಾಡಿಗೆ ಹೋಗುವ ಬಗ್ಗೆ ಯಾರನ್ನು ಕೇಳಿದರೂ ದಾರಿ ಎಷ್ಟು ಉದ್ದ, ಏರು ಎಷ್ಟು ಅಂತ ಹೇಳುತ್ತಾರೆ. ಅದು ಬೇಕು, ಸಾಲದು. ನಾನು ಕೇಳುವುದು ಎಲ್ಲಿ ಎಲ್ಲಿ ಕೂರಬಹುದು ಅಂತ. ವಯಸ್ಸಾದವರು ಅರ್ಧಕ್ಕೆ ನಿಂತರೆ ಅಲ್ಲಿ ನೆರಳಿದೆಯಾ, ನೀರಿನ ಸದ್ದಿದೆಯಾ, ಹೋಗಿಬರುವ ಜನ ಇದ್ದಾರಾ, ಅಲ್ಲೇ ಒಂದು ತಾಸು ಕೂತರೂ ಅವರ ದಿನ ಹಾಳಾಗದೆ ಇರುತ್ತದಾ? ಕೆಲವು ದಾರಿಗಳು ತುದಿ ಮುಟ್ಟಿದವರಿಗೆ ಮಾತ್ರ ಏನಾದರೂ ಕೊಡುತ್ತವೆ. ಬೋಳು ಗುಡ್ಡದ ನೆತ್ತಿಗೆ ಹೋಗುವ ದಾರಿಯಲ್ಲಿ ಅರ್ಧಕ್ಕೆ ನಿಂತವರಿಗೆ ಬಿಸಿಲು ಬಿಟ್ಟು ಬೇರೇನೂ ಸಿಗುವುದಿಲ್ಲ. ಅಲ್ಲಿಗೆ ಗೆಳೆಯರ ಜತೆ ಹೋಗಬೇಕು. ಏಳರಿಂದ ಎಪ್ಪತ್ತರವರೆಗಿನ ಎಲ್ಲ ವಯಸ್ಸಿನವರನ್ನು ಕರೆದುಕೊಂಡು ಹೋಗುವಾಗ ಎಲ್ಲಿ ನಿಂತರೂ ಕಾಡೇ ಇರುವಂಥ ದಾರಿ ಬೇಕು.

ಯಾಣದ್ದು ಅಂಥ ದಾರಿ. ಶಿರಸಿಯಿಂದ ಸುಮಾರು 40 ಕಿ.ಮೀ., ಕುಮಟಾದಿಂದ 30ರ ಆಸುಪಾಸು. ಗಾಡಿ ನಿಲ್ಲಿಸಿದಲ್ಲಿಂದ ಒಂದೂವರೆ ಕಿಲೋಮೀಟರಿನಷ್ಟು ನಡಿಗೆ. ಬಹುಪಾಲು ದಾರಿ ಅಗಲವಾಗಿ, ಹೆಚ್ಚೇನೂ ಏರಿಲ್ಲದೆ, ಹಳ್ಳದ ಪಕ್ಕದಲ್ಲೇ ಸಾಗುತ್ತದೆ. ಮೇಲೆ ಮರಗಳ ಚಪ್ಪರ. ಮೆಟ್ಟಿಲು ಬರುವುದು ಕೊನೆಗೆ. ಆ ಹಳ್ಳಕ್ಕೆ ಚಂಡಿಹೊಳೆ ಅನ್ನುತ್ತಾರೆ. ಅದು ಮುಂದೆ ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿಯನ್ನು ಸೇರುತ್ತದೆ. ಶಿರಸಿ ಪೇಟೆಯ ಶಂಕರ ಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವುದು ಅದೇ ಅಘನಾಶಿನಿ. ಮೈದುನನ ಪಟ್ಟಿಯಲ್ಲಿದ್ದ ಎರಡು ಜಾಗದ ನೀರು ಹೀಗೆ ಒಂದೇ ಕಡೆ ಸೇರುತ್ತದಲ್ಲ, ಅಷ್ಟು ಸಾಕು ಅಂತ ಅವನಿಗೆ ಸಮಾಧಾನ ಹೇಳಿದೆವು.

'ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕ ಇದ್ದವ ಗೋಕರ್ಣಕ್ಕೆ ಹೋಗ್ತಾನೆ' ಅಂತ ಆ ಕಡೆ ಒಂದು ಗಾದೆ ಇದೆ. ರಸ್ತೆ ಇಲ್ಲದ ಕಾಲದಲ್ಲಿ ದಟ್ಟ ಕಾಡಿನಲ್ಲಿ ಮೈಲಿಗಟ್ಟಲೆ ನಡೆದು, ಉಂಬಳ (ಜಿಗಣೆ) ಕಚ್ಚಿಸಿಕೊಂಡು ಯಾಣಕ್ಕೆ ಹೋಗಬೇಕಿತ್ತು. ತಾಕತ್ತು ಇದ್ದವರ ಕೆಲಸ. ಈಗ ಡಾಂಬರು ರಸ್ತೆ ಇದೆ. ಗಾದೆ ಹಳತಾಯಿತು, ಸೊಕ್ಕಿನವರು ಕಡಿಮೆ ಆಗಿಲ್ಲ. ರಜಾ ದಿನ ಹನ್ನೆರಡು ಗಂಟೆಗೆ ಹೋಗಿ ನೋಡಿ, ಹೆಗಲ ಮೇಲೆ ಬ್ಲೂಟೂತ್ ಸ್ಪೀಕರ್ ಹೊತ್ತವರು ಸಿಗುತ್ತಾರೆ. ಹಾಗಾಗಿ ವಾರದ ನಡುವಿನ ದಿನವೇ ಒಳ್ಳೆಯದು. ಶಿವರಾತ್ರಿಯ ಜಾತ್ರೆ ಹೊತ್ತಿಗೆ ಹೋದರೆ ಜಾತ್ರೆ ಸಿಗುತ್ತದೆ, ಕಾಡು ಸಿಗುವುದಿಲ್ಲ.

ದೀಪಾವಳಿ ಮುಗಿದ ಮೇಲೆ, ನವೆಂಬರ್ ಕೊನೆಯಲ್ಲಿ ಹೋಗುವುದು ಅಂತಾಯಿತು. ಮಳೆ ನಿಂತಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ಉಂಬಳ ಕಡಿಮೆಯಾಗಿರುತ್ತದೆ. ಹಿಂದಿನ ರಾತ್ರಿ ಎಲ್ಲರೂ ಅತ್ತೆ ಮನೆಯಲ್ಲಿ ಮಲಗುವುದು. ಹುಬ್ಬಳ್ಳಿಯಿಂದ ಬೆಳಿಗ್ಗೆ ಎದ್ದು ಹೊರಟರೆ ಮಕ್ಕಳು ಯಾಣ ಮುಟ್ಟುವ ಹೊತ್ತಿಗೇ ಸುಸ್ತಾಗಿರುತ್ತಾರೆ.

ಸಮಯದ ಲೆಕ್ಕವನ್ನು ನಾನು ಹಿಂದಿನಿಂದ ಹಾಕುತ್ತೇನೆ. ಆ ದಿನಗಳಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಣಿವೆಯಲ್ಲಿ, ಮರಗಳ ಕೆಳಗೆ ಐದಕ್ಕೇ ಮಬ್ಬು. ಬೆಳಕಿದ್ದಾಗಲೇ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಹತ್ತಿ ಮುಗಿಸಬೇಕು. ಹಾಗಾದರೆ ಮೂರೂವರೆಗೆ ಗಾಡಿ ಬಿಡಬೇಕು. ಊಟಕ್ಕೆ ಒಂದು ತಾಸು. ಅಂದರೆ ಎರಡೂವರೆಗೆ ನಡಿಗೆ ಮುಗಿದಿರಬೇಕು. ಹೀಗೆ ಹಿಂದೆ ಹಿಂದೆ ಹೋದರೆ ಬೆಳಿಗ್ಗೆ ಏಳೂವರೆಗೆ ಮನೆ ಬಿಡಬೇಕು ಅಂತ ತಾನಾಗೇ ಗೊತ್ತಾಗುತ್ತದೆ. (ಅಗಲೀಕರಣದ ಕೆಲಸಕ್ಕೆ ಆ ಘಟ್ಟದ ರಸ್ತೆಯನ್ನು ಈಚಿನ ವರ್ಷಗಳಲ್ಲಿ ಬಂದ್ ಮಾಡಿದ್ದಿದೆ. ಹೊರಡುವ ಹಿಂದಿನ ದಿನ ಶಿರಸಿಯಲ್ಲಿ ಯಾರನ್ನಾದರೂ ಕೇಳಿಕೊಳ್ಳಿ.)

ನಡಿಗೆಗೆ ಎಷ್ಟು ಹೊತ್ತು ಇಡಬೇಕು ಅನ್ನುವುದರ ಮೇಲೆ ಮನೆಯಲ್ಲಿ ಜಗಳವೇ ಆಯಿತು. ಪರ್ವತ ಹತ್ತುವವರ ನಡುವೆ ಒಂದು ಹಳೆಯ ಸೂತ್ರವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವವರು ಕೊಟ್ಟದ್ದು. ಗಂಟೆಗೆ ಸುಮಾರು 5 ಕಿ.ಮೀ. ಅಂತ ಹಿಡಿಯಿರಿ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಿ. ಮೈದುನನ ಮಗ ಇದನ್ನು ಎಲ್ಲೋ ಓದಿಕೊಂಡು ಬಂದು, ಯಾಣಕ್ಕೆ ಅರ್ಧ ತಾಸು ಸಾಕು ಅಂತ ಲೆಕ್ಕ ಮಾಡಿ ತೋರಿಸಿದ. ಲೆಕ್ಕ ಸರಿ ಇತ್ತು. ನೈಸ್ಮಿತ್ ಸಾಹೇಬರ ಜತೆ ಏಳು ವರ್ಷದ ಮಗಳು ಇರಲಿಲ್ಲ ಅಂತ ಕಾಣುತ್ತದೆ. ನಾವು ಹೋಗಲು ಒಂದೂವರೆ ತಾಸು ಇಟ್ಟೆವು, ಅಷ್ಟೂ ಬೇಕಾಯಿತು.

ಬಟ್ಟೆ, ಔಷಧಿ, ನೀರಿನ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ತಲೆಗೊಂದು ಲೀಟರ್ ನೀರು. ಘಟ್ಟದ ತಿರುವಿನಲ್ಲಿ ವಾಂತಿ ಮಾಡುವವರಿಗೆ ಲಿಂಬೆಹಣ್ಣು. ಅಲ್ಲಿ ಮೊಬೈಲ್ ನೆಟ್‌ವರ್ಕ್ ನಂಬುವ ಹಾಗಿಲ್ಲ. ಆದ್ದರಿಂದ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮಕ್ಕಳಿಗೆ ಮೊದಲೇ ಹೇಳಿ, ಅವರ ಬಾಯಲ್ಲಿ ಎರಡು ಸಲ ಹೇಳಿಸಿ. ಅಷ್ಟು ಮಾಡಿದರೆ ಸಾಕು.

ಹುಳದ ವಿಷಯ ಮಾತ್ರ ಸ್ವಲ್ಪ ದೊಡ್ಡದು. ಉಂಬಳಕ್ಕೆ ನನ್ನ ಗಂಡ ಹಳೆ ಬಟ್ಟೆಯಲ್ಲಿ ಉಪ್ಪು ಗಂಟು ಕಟ್ಟಿ, ಅದನ್ನು ಕೋಲಿನ ತುದಿಗೆ ಬಿಗಿದು ಇಟ್ಟುಕೊಳ್ಳುತ್ತಾರೆ. ಒದ್ದೆ ಮಾಡಿ ಮುಟ್ಟಿಸಿದರೆ ಉಂಬಳ ಕಳಚಿಕೊಳ್ಳುತ್ತದೆ. ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ, ಹೆಪ್ಪುಗಟ್ಟದ ಹಾಗೆ ಮಾಡುವುದೇನೋ ಅದರ ಎಂಜಲಿನಲ್ಲಿದೆ. ನೋಡಿ ಗಾಬರಿಯಾಗಬಹುದು, ಅಪಾಯ ಇಲ್ಲ. ಬೆಂಗಳೂರಿನವರು ಹೆದರುವುದು ಈ ಉಂಬಳಕ್ಕೆ. ಊರಿನವರು ಹೆದರುವುದು ಉಣುಗಿಗೆ, ಅಂದರೆ ಉಣ್ಣೆಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ. ಸಿದ್ದಾಪುರದ ಕಡೆ ಈಚಿನ ವರ್ಷಗಳಲ್ಲೂ ಜನ ಸತ್ತಿದ್ದಾರೆ. ಚಳಿಗಾಲ ಶುರುವಾದಾಗಿನಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಅಂದರೆ ಪ್ರವಾಸಕ್ಕೆ ಹೇಳಿ ಮಾಡಿಸಿದ ತಿಂಗಳುಗಳೇ. ಕಚ್ಚುವುದು ಮರಿ ಉಣುಗು, ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಹಾಗಂತ ಮನೆಯಲ್ಲಿ ಕೂರಬೇಕಾಗಿಲ್ಲ. ತುಂಬುತೋಳಿನ ಅಂಗಿ, ಕಾಲ್ಚೀಲದೊಳಗೆ ಸಿಕ್ಕಿಸಿದ ಪ್ಯಾಂಟು. ದರಕಿನ ಮೇಲೆ ಕೂರುವುದು, ಮಲಗುವುದು ಬೇಡ, ಕಲ್ಲಿನ ಮೇಲೆ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಡೆಪಾ ತೈಲ ಅಂತ ಹಚ್ಚಿಕೊಳ್ಳಲು ಕೊಡುತ್ತಾರೆ, ಅತ್ತೆ ಮನೆಯ ಕಪಾಟಿನಲ್ಲಿ ಒಂದು ಬಾಟಲಿ ಯಾವಾಗಲೂ ಇರುತ್ತದೆ. ಕಾರು ಹತ್ತುವ ಮೊದಲು ಎಲ್ಲರ ಕೈಕಾಲಿಗೂ ಹಚ್ಚಿದರು. ಪೇಟೆ ಮಕ್ಕಳು ಮೂಗು ಮುಚ್ಚಿಕೊಂಡರು.

ಇನ್ನು ಹೆಜ್ಜೇನು. ಯಾಣದ ಬಂಡೆಗಳ ಎತ್ತರದಲ್ಲಿ ಅದರ ಹುಟ್ಟುಗಳು ಸಾಲಾಗಿ ನೇತಾಡುತ್ತವೆ. ಘಾಟು ಸೆಂಟು, ಹೊಗೆ, ಕೂಗಾಟ ಯಾವುದೂ ಅವಕ್ಕೆ ಆಗಿಬರುವುದಿಲ್ಲ. ಮೈದುನನ ಮಗನ ಡಿಯೋಡ್ರೆಂಟ್ ಬಾಟಲಿಯನ್ನು ಹಿಂದಿನ ರಾತ್ರಿಯೇ ಕಿತ್ತಿಟ್ಟುಕೊಂಡಿದ್ದೆ. ಎದ್ದೇ ಬಿಟ್ಟರೆ ಕೈಬೀಸುತ್ತ ನಿಲ್ಲಬಾರದು, ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ದೂರ ಓಡಬೇಕು. ಇದನ್ನೂ ಮಕ್ಕಳಿಗೆ ಮೊದಲೇ ಹೇಳಿರಬೇಕು.

ಬುತ್ತಿಯ ಮೇಲೆ ನಡೆದ ಚರ್ಚೆ ಇದೆಲ್ಲಕ್ಕಿಂತ ದೀರ್ಘ. ನಾನು ಹುಬ್ಬಳ್ಳಿಯಿಂದ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ ತಂದಿದ್ದೆ. ಹಾಳಾಗುವ ಭಯವಿಲ್ಲ, ಚಮಚ ಬೇಕಿಲ್ಲ, ಭಾರವೂ ಇಲ್ಲ. ಅತ್ತೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಲಸಿನ ಎಲೆಯ ಕೊಟ್ಟೆ ಕಡುಬು ಬೇಯಿಸಿದ್ದರು. ಇದಕ್ಕೆ ಡಬ್ಬಿಯೂ ಬೇಡ. ಎಲೆಯ ಕೊಟ್ಟೆಯೇ ಪಾತ್ರೆ, ಅದೇ ತಟ್ಟೆ, ತಿಂದಾದ ಮೇಲೆ ಮನೆಗೆ ತಂದು ಗೊಬ್ಬರದ ಗುಂಡಿಗೆ. ವಾರಗಿತ್ತಿ ತಂದ ಚಿಪ್ಸ್ ಪ್ಯಾಕೆಟ್‌ಗಳನ್ನು ಕಾರಿನಲ್ಲೇ ಬಿಟ್ಟೆವು. ಪ್ಲಾಸ್ಟಿಕ್ಕಿನ ಸರಬರ ಸದ್ದಿಗೆ ಮಂಗಗಳು ಎಲ್ಲಿದ್ದರೂ ಬರುತ್ತವೆ. ಆಮೇಲೆ ಅದೇ ಪ್ಯಾಕೆಟ್ಟು ಹಳ್ಳದಲ್ಲಿ ತೇಲುತ್ತದೆ.

ಒಂಬತ್ತೂವರೆಗೆ ನಡೆಯಲು ಶುರು ಮಾಡಿದೆವು. ಹುಡುಗ ಮೊದಲ ತಿರುವಿನಲ್ಲೇ ಕಣ್ಮರೆಯಾದ. ಮಗಳು ನೂರು ಹೆಜ್ಜೆಯಲ್ಲೇ ಕೂತುಬಿಟ್ಟಳು. ದಾರಿಯ ಅಂಚಿನಲ್ಲಿ ಹೊಳೆಯುವ ಕಂದು ಬಣ್ಣದ ಹುಳ ಒಂದು ಹರಿಯುತ್ತಿತ್ತು. ಹೆಬ್ಬೆರಳಿನಷ್ಟು ಗಾತ್ರ, ಬೆನ್ನ ಮೇಲೆ ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳು, ಕೆಳಗೆ ಲೆಕ್ಕವಿಲ್ಲದಷ್ಟು ಕಾಲು. ಕಡ್ಡಿಯಿಂದ ಮುಟ್ಟಿದಳು. ಟಪ್ ಅಂತ ಗೋಲಿಯ ಹಾಗೆ ಉಂಡೆಯಾಯಿತು. ಪಟ್ಟಿ ಪಟ್ಟಿ ಕೂಡಿಕೊಂಡು ಎಲ್ಲೂ ಸಂದೇ ಕಾಣಲಿಲ್ಲ. ಅದು ಬಿಚ್ಚಿಕೊಳ್ಳುವವರೆಗೆ ಏಳುವುದಿಲ್ಲ ಅಂದಳು. ನಾವೂ ಕೂತೆವು. ಕೆಲವು ನಿಮಿಷಕ್ಕೆ ಒಂದು ಕಡೆ ಸಣ್ಣ ಬಿರುಕು ಕಂಡಿತು. ಎರಡು ಗಿಡ್ಡ ಮೀಸೆ ಹೊರಗೆ ಬಂದು ಗಾಳಿಯಲ್ಲಿ ತಡಕಾಡಿದವು. ಅಷ್ಟರಲ್ಲಿ ಯಾರೋ ಜೋರಾಗಿ ನಡೆದುಹೋದರು, ಮತ್ತೆ ಮುಚ್ಚಿಕೊಂಡಿತು. ಶುರುವಿನಿಂದ ಕಾಯುವುದು. ಮೈದುನ ವಾಚು ನೋಡಿಕೊಂಡ. ನನಗೆ ಒಳಗೊಳಗೇ ಖುಷಿ. ಒಂದೂವರೆ ತಾಸಿನ ಲೆಕ್ಕ ಹಾಕಿದ್ದು ಇದಕ್ಕೇ ಅಲ್ವಾ?

ಅತ್ತೆ ಈ ಗಲಾಟೆಗೆ ಬರಲಿಲ್ಲ. ಅವರ ಪಾಡಿಗೆ ನಿಧಾನ ನಡೆಯುತ್ತ, ಮರಗಳನ್ನು ನೆಂಟರನ್ನು ಗುರುತು ಹಿಡಿದವರಂತೆ ಹೆಸರು ಹೇಳುತ್ತಿದ್ದರು. ಇದು ಬೈನೆ, ಇದು ರಾಮಪತ್ರೆ, ಇದು ಮುರುಗಲು, ಈ ಬೆತ್ತದ ಮುಳ್ಳಿಗೆ ಸೀರೆ ಸಿಕ್ಕಿದರೆ ಎಳೀಬಾರದು, ಹಿಂದಕ್ಕೆ ಹೋಗಿ ಬಿಡಿಸ್ಕೊಳ್ಳಬೇಕು. ಒಂದು ಕಡೆ ಮಗಳು ದೊಡ್ಡ ಮರವೊಂದನ್ನು ಎರಡೂ ಕೈ ಚಾಚಿ ಅಪ್ಪಿಕೊಂಡು, ನನ್ನಂಥವರು ಎಷ್ಟು ಜನ ಬೇಕು ಅಂತ ಅಳೆಯುತ್ತಿದ್ದಳು.

"ಹಾಂಗೆ ಅಪ್ಕಂಡ್ರೆ ಯಾರಿಗೂ ಕಡಿಯಲೆ ಆಗ್ತಿಲ್ಲೆ ಕೂಸೆ" ಅಂದರು ಅತ್ತೆ.

ಅವರ ತವರು ಸಾಲ್ಕಣಿ ಕಡೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಹಿಮಾಲಯದಲ್ಲಿ ಹೀಗೇ ಮರ ಅಪ್ಪಿ ಉಳಿಸಿದ ಚಿಪ್ಕೋ ಚಳವಳಿ ಅವರ ಕಣ್ಣ ಮುಂದಿತ್ತು, ಪಾಂಡುರಂಗ ಹೆಗಡೆಯವರು ಮುಂದಾಳು. ಸಹಜ ಕಾಡನ್ನು ಬೋಳಿಸಿ ಸಾಗವಾನಿ ನೆಡುತ್ತಿದ್ದ ಕಾಲ ಅದು. ಕಳಸೆಯಲ್ಲಿ ಜನ 38 ದಿನ ಬಿಡಲಿಲ್ಲ. ನಾನು ಇದನ್ನು ಪುಸ್ತಕದಲ್ಲಿ ಓದಿದವಳು. ಅತ್ತೆ ಹೇಳುವಾಗ ಚಳವಳಿ ಅನ್ನುವ ಮಾತೇ ಬರುವುದಿಲ್ಲ. ಮಳೆ ಎಷ್ಟಿತ್ತು, ಉಂಬಳ ಎಷ್ಟಿತ್ತು, ಮನೆಯಲ್ಲಿ ಎಮ್ಮೆ ಹಾಲು ಕರೆಯಲು ಯಾರಿದ್ದರು, ಇಂಥದ್ದೇ. ಇಷ್ಟು ವರ್ಷದಲ್ಲಿ ಅವರು ಇದನ್ನು ನನ್ನ ಮುಂದೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ. ಮನೆಯಲ್ಲಿ ಕೂತು ಕೇಳುವ ವಿಷಯ ಅಲ್ಲವೇನೋ ಅದು.

ಮೆಟ್ಟಿಲ ಬುಡಕ್ಕೆ ಬಂದಾಗ ಅತ್ತೆ ಕಲ್ಲಿನ ಮೇಲೆ ಕೂತರು. "ಆನು ಇಲ್ಲೇ ಕುತ್ಗತ್ತಿ. ನಿಂಗ ಹೋಗ್ಬನ್ನಿ." ಪಕ್ಕದಲ್ಲಿ ಲಿಂಬು ಶರಬತ್ತು ಮಾರುತ್ತಿದ್ದ ಹೆಂಗಸಿನ ಜತೆ ಆಗಲೇ ಮಾತು ಶುರುವಾಗಿತ್ತು. ವಾರಗಿತ್ತಿ ಜತೆಗೆ ಉಳಿದಳು. ಒಬ್ಬರನ್ನೇ ಬಿಡಬಾರದು ಅನ್ನುವುದು ಮೊದಲೇ ಮಾಡಿಕೊಂಡ ಕಟ್ಟಳೆ. ಉಳಿಯುವವರು ಯಾರು ಅಂತಲೂ ಹಿಂದಿನ ರಾತ್ರಿಯೇ ಮಾತಾಗಿತ್ತು. ಆ ಹೊತ್ತಿಗೆ ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಾರೆ, ಅತ್ತೆಗೆ ತಾನೊಂದು ಹೊರೆ ಅನಿಸುತ್ತದೆ.

ಮೇಲೆ ಹೋದರೆ ಮರಗಳ ನಡುವಿನಿಂದ ಕಪ್ಪು ಬಂಡೆ ಒಮ್ಮೆಲೇ ಎದ್ದು ನಿಲ್ಲುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಎರಡೂ ಸುಣ್ಣಕಲ್ಲು. ಫೋಟೊದಲ್ಲಿ ಅದರ ಎತ್ತರ ಬರುವುದಿಲ್ಲ, ಸುಮ್ನೆ ತೆಗೆಯಬೇಡಿ. ಅಂಚುಗಳು ಚೂಪು ಚೂಪಾಗಿ, ಮೇಲಕ್ಕೆ ಹರಿದು ಹೋಗಿವೆ. ಭಸ್ಮಾಸುರ ಮೋಹಿನಿಯ ಕುಣಿತಕ್ಕೆ ಮರುಳಾಗಿ ತನ್ನ ತಲೆ ಮೇಲೆ ತಾನೇ ಕೈಯಿಟ್ಟುಕೊಂಡು ಸುಟ್ಟುಹೋದ ಜಾಗ ಇದು ಅನ್ನುತ್ತಾರೆ, ಮಣ್ಣು ಕಪ್ಪಗಿರುವುದು ಆ ಬೂದಿಯಿಂದಂತೆ. ಕೆಳಗಿನ ಗುಹೆಯಲ್ಲಿ ಲಿಂಗದ ಮೇಲೆ ಬಂಡೆಯೊಳಗಿನಿಂದ ನೀರು ತೊಟ್ಟಿಕ್ಕುತ್ತದೆ. ಜತೆಗೆ ಚಂಡಿಕೆಯ ಕಂಚಿನ ವಿಗ್ರಹ. ದೇವಸ್ಥಾನವಾದ್ದರಿಂದ ಚಪ್ಪಲಿ ಬಿಟ್ಟು ಬಂಡೆಯ ಸುತ್ತ ಬರಬೇಕು. ಸಾವಿರಾರು ರೂಪಾಯಿಯ ಟ್ರೆಕಿಂಗ್ ಶೂಗಳ ಲೇಸು ಬಿಚ್ಚುತ್ತ ಮೈದುನ ಐದು ನಿಮಿಷ ಕೂತ. ರಬ್ಬರಿನ ಸ್ಯಾಂಡಲ್ಲು ಹಾಕಿದ್ದ ನನ್ನ ಗಂಡ ಏನೂ ಹೇಳದೆ ಮುಂದೆ ಹೋದರು.

ಬಂಡೆಯ ಸೀಳಿನೊಳಗೆ ಹೊಕ್ಕರೆ ತಂಪು. ಕಾಲಿನ ಕೆಳಗೆ ಒದ್ದೆ ಕಲ್ಲು, ಬಾವಲಿಗಳ ವಾಸನೆ, ತಲೆಯ ಮೇಲೆ ಬಹಳ ಎತ್ತರದಲ್ಲಿ ಬೆಳಕಿನ ಒಂದು ಗೆರೆ. ಬೆಳಿಗ್ಗೆಯಿಂದ ಯಾರ ಜತೆಗೂ ಇಲ್ಲದೆ ಮುಂದೆ ಓಡುತ್ತಿದ್ದ ಹುಡುಗ ಇಲ್ಲಿ ತಂಗಿಯ ಕೈ ಹಿಡಿದುಕೊಂಡ. ಅವಳು ಜಾರಿದರೆ ಅಂತ ಹೇಳಿದ. ಅವನೇ ಎರಡು ಸಲ ಜಾರಿದ.

ಇಳಿದು ಬರುವಷ್ಟರಲ್ಲಿ ಅತ್ತೆ ಶರಬತ್ತಿನ ಹೆಂಗಸಿನ ಅತ್ತಿಗೆಯ ತವರು ಯಾವ ಊರು, ಅದು ನಮಗೆ ಹೇಗೆ ಪರಿಚಯ ಅನ್ನುವುದನ್ನೆಲ್ಲ ಪತ್ತೆ ಮಾಡಿ ಮುಗಿಸಿದ್ದರು. ವಾರಗಿತ್ತಿ ಮರದ ಮೇಲೆ ಉದ್ದ ಬಾಲದ ಕೆಂದಳಿಲು ನೋಡಿದ್ದಳು, ಅದು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿದ್ದನ್ನು ಕೈ ಚಾಚಿ ಚಾಚಿ ತೋರಿಸಿದಳು. ಬಂಡೆ ನೋಡಲು ಹೋದ ನಮಗ್ಯಾರಿಗೂ ಅದು ಕಂಡಿರಲಿಲ್ಲ. ಮಗಳಿಗೆ ಹೊಟ್ಟೆಕಿಚ್ಚು. ನಾಳೆ ನಾನೂ ಅಜ್ಜಿ ಜತೆ ಕೂರುತ್ತೇನೆ ಅಂತ ಹಟ ಹಿಡಿದಳು, ನಾಳೆ ಶಾಲೆ ಇದೆ ಅನ್ನುವುದು ಮರೆತು.

ಗಾಡಿ ನಿಲ್ಲಿಸಿದ ಕಡೆ ಬಂದು ಉಂಡೆವು. ರೊಟ್ಟಿಗೂ ಕಡುಬಿಗೂ ಸ್ಪರ್ಧೆ ಅಂತ ಹುಡುಗ ಘೋಷಿಸಿದ. ಹೆಚ್ಚು ಖಾಲಿಯಾದದ್ದು ಕಡುಬು. ಹುಬ್ಬಳ್ಳಿ ಕಡೆಯವಳಾಗಿ ನಾನು ಇದಕ್ಕೆ ಕಾರಣ ಅದು ಮೆತ್ತಗಿದ್ದದ್ದು ಅಂತಷ್ಟೇ ಹೇಳುತ್ತೇನೆ. ಎರಡೂಮುಕ್ಕಾಲಿಗೆ ವಿಭೂತಿ ಜಲಪಾತದ ಮಾತು ಬಂತು. ಅಲ್ಲಿಂದ ದೂರವೇನಿಲ್ಲ, ಮಾಬಗೆಯ ಹತ್ತಿರ. ಹುಡುಗ ಚಡ್ಡಿ, ಟವೆಲ್ ಎಲ್ಲ ತಂದಿದ್ದ. ಪಟ್ಟಿಯಲ್ಲಿ ಅದರ ಮುಂದೆ 'ಹೊತ್ತು ಮಿಕ್ಕರೆ' ಅಂತ ಬರೆದಿತ್ತು. ಹೊತ್ತು ಮಿಕ್ಕಿರಲಿಲ್ಲ. ಅವನು ಮುಖ ಊದಿಸಿಕೊಂಡು ಕಾರಿನಲ್ಲಿ ಹಿಂದೆ ಹೋಗಿ ಕೂತ, ದೇವಿಮನೆ ಘಟ್ಟದ ಅರ್ಧದವರೆಗೂ ಮಾತಾಡಲಿಲ್ಲ. ಇದಕ್ಕೆ ನನ್ನ ಹತ್ತಿರ ಪರಿಹಾರವಿಲ್ಲ. ಹದಿನಾಲ್ಕು ವರ್ಷದವರಿಗೆ ಸಿಗದೆ ಹೋದ ಜಲಪಾತವೇ ದೊಡ್ಡದು.

ಮನೆ ಮುಟ್ಟಿದ ಮೇಲಿನ ಕೆಲಸವನ್ನೂ ಪ್ಲ್ಯಾನಿಗೆ ಸೇರಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಹಂಡೆಯಲ್ಲಿ ನೀರು ಕಾದಿತ್ತು. ಬಟ್ಟೆಗಳನ್ನು ಒಳಗೆ ತರದೆ ಅಂಗಳದಲ್ಲೇ ಬಿಸಿನೀರಿನ ಬಕೆಟ್ಟಿಗೆ ಹಾಕಿದೆವು. ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ಟಾರ್ಚು ಹಿಡಿದು ನೋಡಿದರು ಅತ್ತೆ. ಕನ್ನಡಕ ಹಾಕಿಕೊಂಡು, ಅಕ್ಕಿ ಆರಿಸುವಷ್ಟೇ ಗಮನ ಇಟ್ಟು. ಹುಡುಗ ನಾಚಿಕೊಂಡು ತಾನೇ ನೋಡಿಕೊಳ್ಳುತ್ತೇನೆ ಅಂದ. ಬೆನ್ನು ಹೇಗೆ ನೋಡ್ಕೊಳ್ತೀಯ ಅಂದಾಗ ಸುಮ್ಮನೆ ತಿರುಗಿ ನಿಂತ. ಉಣುಗು ಯಾರ ಮೈಮೇಲೂ ಇರಲಿಲ್ಲ. ಉಂಬಳ ಒಂದು ಸಿಕ್ಕಿತು, ಮೈದುನನ ದುಬಾರಿ ಶೂ ಒಳಗೆ.

ಕಾಡಿಗೆ ಹೋಗಿ ಬಂದ ಎರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆವು ಅಂತ ಹೇಳಲೇಬೇಕು. ಪೇಟೆಯ ಡಾಕ್ಟರಿಗೆ ನಾವಾಗಿ ಹೇಳದಿದ್ದರೆ ಹೊಳೆಯುವುದು ಕಷ್ಟ. ಅದಕ್ಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ 'ಕಾಡು' ಅಂತ ಬರೆದಿಟ್ಟೆ. ಅದರ ಪಕ್ಕದ ಚೌಕದಲ್ಲಿ ಗ್ಯಾಸ್ ಬುಕ್ ಮಾಡಿದ್ದು, ಕೆಳಗೆ ಹಾಲಿನ ಲೆಕ್ಕ.